ಹಾಜಿ ಬದ್ರಾನರ ಕಂಪ್ಯೂಟರ್ ಏಳದ ದಿನಗಳು

ಇನ್ಶಿರಾಹಳ ಹತ್ತಿರ ಎಂಜಿನಿಯರಿಂಗ್ ಪದವಿ ಇರಲಿಲ್ಲ. ಇಪ್ಪತ್ತು ವರ್ಷ ಟೆಲಿಫೋನ್ ಕಚೇರಿಯಲ್ಲಿ ತಂತಿ ಜೋಡಿಸಿ, ಆ ಕೆಲಸ ಬಿಟ್ಟ ಮೇಲೆ ಮನೆಯ ಕೆಳಗಿನ ಕೋಣೆಯಲ್ಲಿ ಕಂಪ್ಯೂಟರ್ ರಿಪೇರಿಗೆ ಕೂತವಳು. ಆದರೂ ದುಮ್ಯಾತ್ ಪಟ್ಟಣದ ಬಡಗಿಗಳ ಬೀದಿಯಲ್ಲಿ ಎಲ್ಲರಿಗೂ ಅವಳು ಎಂಜಿನಿಯರಮ್ಮನೇ. ಅವಳಿಗೊಂದು ರೋಗವಿತ್ತು. ಕೆಟ್ಟದ್ದು ಸರಿಯಾದರೆ ಸಾಲದು, ಯಾಕೆ ಕೆಟ್ಟಿತು ಎಂದು ಗೊತ್ತಾಗಬೇಕು. ಗೊತ್ತಾಗುವವರೆಗೆ ಊಟ ಸೇರುವುದಿಲ್ಲ. ಮಾಡಿಟ್ಟ ಸೊಪ್ಪಿನ ಸಾರು ಆರಿ ತಣ್ಣಗಾಗುತ್ತದೆ, ಗಂಡ ಗೊಣಗುತ್ತಾನೆ.

ಅಂಥವಳ ತಲೆಗೆ ಹುಳ ಬಿಟ್ಟವರು ಹಾಜಿ ಬದ್ರಾನ್. ಮಂಚದ ತಲೆಹಲಗೆಗೆ ಹೂಬಳ್ಳಿ ಕೆತ್ತುವುದರಲ್ಲಿ ಅವರ ಕೈ ಬೀದಿಗೇ ಹೆಸರಾಗಿತ್ತು. ನಾಲ್ಕು ವರ್ಷದಿಂದ ಆ ಕೈ ನಡುಗುತ್ತಿದೆ. ಉಳಿ ಕೆಳಗಿಟ್ಟು, ಕಂಪ್ಯೂಟರಿನಲ್ಲಿ ನಕ್ಷೆ ಎಳೆದು ಯಂತ್ರದಿಂದ ಕೆತ್ತಿಸುವುದನ್ನು ಅರವತ್ತು ದಾಟಿದ ಮೇಲೆ ಹಟ ಹಿಡಿದು ಕಲಿತರು. ಈಗ ಎರಡು ತಿಂಗಳಿಂದ ಆ ಕಂಪ್ಯೂಟರೇ ಕೈಕೊಡುತ್ತಿತ್ತು. ಕೆಲವು ದಿನ ಮುಂಜಾನೆ ಒತ್ತಿದ ಕೂಡಲೇ ಏಳುತ್ತದೆ. ಕೆಲವು ದಿನ ಜಪ್ಪಯ್ಯ ಎಂದರೂ ಏಳದೆ, ಕಪ್ಪು ಪರದೆಯ ಮೇಲೆ ಒಂದೇ ಸಾಲು ತೋರಿಸಿ ಕೂರುತ್ತದೆ: ಶುರುಮಾಡುವ ಫೈಲ್ ಸಿಗುತ್ತಿಲ್ಲ.

ಇನ್ಶಿರಾಹ್ ಮೊದಲು ನಕ್ಷೆಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿ ಜೋಪಾನವಾಗಿಟ್ಟಳು. ಆಮೇಲೆ ಶುರುಮಾಡುವ ಫೈಲುಗಳನ್ನು ಹೊಸದಾಗಿ ಬರೆದಳು. ಅವಳ ಕೋಣೆಯಲ್ಲಿ ಹತ್ತು ಸಲ ಹಾಕಿದರೆ ಹತ್ತು ಸಲವೂ ಎದ್ದಿತು. ಹಾಜಿಯ ಅಂಗಡಿಗೆ ಹೋದ ಮೂರನೆಯ ದಿನ ಮತ್ತೆ ಅದೇ ಸಾಲು. ಎರಡನೆಯ ಸಲ ತಂದಾಗ ಕೇಬಲ್ ಬದಲಿಸಿದಳು, ಡಿಸ್ಕನ್ನು ಇಂಚಿಂಚೂ ಪರೀಕ್ಷಿಸಿದಳು. ಫೈಲುಗಳು ಇದ್ದಲ್ಲೇ ಇದ್ದವು. ಇರುವ ಫೈಲು ಸಿಗುತ್ತಿಲ್ಲ ಎಂದರೆ ಏನರ್ಥ?

ಮೂರನೆಯ ಸಲ ಹಾಜಿ ಬರಿಗೈಯಲ್ಲಿ ಬಂದರು.

“ಸಾಕು ಬಿಡಿ ಎಂಜಿನಿಯರಮ್ಮ. ಗುರುವಾರ ಅಂಗಡಿ ಬೀಗದ ಕೈ ಅಳಿಯನಿಗೆ ಕೊಡ್ತೀನಿ. ಅವ್ನು ಅಲ್ಲಿ ಸೋಫಾ ತುಂಬ್ಕೊಳ್ಲಿ. ನಾನು ಮನೇಲಿ ಕೂತ್ಕೋತೀನಿ.”

“ವಾರಕ್ಕೆ ಎರಡು ದಿನ ಏಳಲ್ಲ ಅಂತ ಅಂಗಡೀನೇ ಬಿಡ್ತೀರಾ ಹಾಜಿ? ಹೆಂಡ್ತಿ ಎರಡು ದಿನ ಮಾತಾಡ್ದೇ ಇದ್ರೆ ತವರಿಗೆ ಕಳಿಸ್ಬಿಡ್ತೀರಾ?”

“ಅವಳು ಎರಡು ದಿನ ಸುಮ್ನಿರೋ ಹಾಗಿದ್ರೆ ನನ್ನ ಕೂದಲಾದ್ರೂ ಉಳೀತಿತ್ತು,” ಎಂದರು. ಆದರೆ ನಗಲಿಲ್ಲ.

ಅವಳಿಗೆ ಈಗ ಕುತೂಹಲ ಎರಡಾಯಿತು. ಕಂಪ್ಯೂಟರ್ ಯಾಕೆ ಏಳುವುದಿಲ್ಲ ಎನ್ನುವುದು ಹಳೆಯದು. ಕೈ ಹೋದಾಗಲೂ ಕೈಚೆಲ್ಲದ ಮನುಷ್ಯ ಇಷ್ಟಕ್ಕೇ ಯಾಕೆ ಸೋತು ಕೂತ?

ಮಂಗಳವಾರ ಮುಂಜಾನೆ ರೊಟ್ಟಿಯೊಳಗೆ ಬೇಯಿಸಿದ ಅವರೆ ತುಂಬಿಸಿಕೊಂಡು ಹೋಗಿ ಹಾಜಿಯ ಅಂಗಡಿಯ ಮುಂದೆ ಕೂತಳು. ಹಾಜಿ ನಡೆದು ಬಂದರು, ಶಟರ್ ಎತ್ತಿದರು, ಗುಂಡಿ ಒತ್ತಿದರು. ಎದ್ದಿತು. ಬುಧವಾರವೂ ಹೋಗಿ ಕೂತಳು. ಅಂದು ಮರ ಹೇರಿಕೊಂಡು ವ್ಯಾನಿನಲ್ಲಿ ಬಂದ ಹಾಜಿ, ದಾರಿಯುದ್ದಕ್ಕೂ ಕುರಾನ್ ಪಠಣ ಕೇಳಲು ವ್ಯಾನಿನಲ್ಲೇ ಇಟ್ಟಿರುತ್ತಿದ್ದ ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡರು. ಹೊಸ್ತಿಲಿಗೆ ನೀರು ಚಿಮುಕಿಸಿದರು. ಆ ಬೀದಿಯಲ್ಲಿ ಅಂಗಡಿ ತೆರೆದರೆ ಮೊದಲು ಕೇಳುವ ದನಿ ಪಠಣದ್ದೇ ಆಗಬೇಕು. ಬೇರೆಯವರು ರೇಡಿಯೊ ಹಾಕುತ್ತಾರೆ, ಹಾಜಿಯ ರೇಡಿಯೊ ಕೆಟ್ಟು ಎರಡು ತಿಂಗಳಾಗಿತ್ತು. ಅವರು ಇನ್ಶಿರಾಹಳ ಕಡೆ ಒಮ್ಮೆ ನೋಡಿ, ಬಿಸ್ಮಿಲ್ಲಾ ಎಂದು ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಗುಂಡಿ ಒತ್ತಿದರು.

ಕಪ್ಪು ಪರದೆ. ಅದೇ ಸಾಲು.

“ಸಿಕ್ತು!” ಎಂದು ಇನ್ಶಿರಾಹ್ ತೊಡೆ ತಟ್ಟಿಕೊಂಡು ನಕ್ಕುಬಿಟ್ಟಳು.

ಹಾಜಿ ಬೆಂಚಿನ ಮೇಲೆ ಕುಸಿದರು. “ನಿಮಗೆ ನಗು ಬರುತ್ತೆ. ನನಗೆ ಇದು ಯಾವತ್ತೋ ಗೊತ್ತು ತಾಯಿ. ಒಂದಿನ ಅದನ್ನ ತೆಗೆದು ನೋಡ್ದೆ, ಎದ್ಬಿಡ್ತು. ಮತ್ತೆ ಹಾಕ್ದೆ, ಏಳ್ಲಿಲ್ಲ. ದೇವರು ಮೊದಲು ನನ್ನ ಕೈ ತಗೊಂಡ. ಈಗ ಅವನ ಮಾತು ನನ್ನ ಅಂಗಡೀಲಿ ಕೇಳಿಸ್ಲೇಬಾರ್ದು ಅಂತಿದ್ದಾನೆ. ಏನು ಪಾಪ ಮಾಡಿದ್ದೀನೋ. ವ್ಯಾನ್ ತರದ ದಿನ ಬಾಯಲ್ಲೇ ಓದ್ಕೋತೀನಿ, ಆದ್ರೆ ಅದು ಜೇಬಲ್ಲಿದ್ದೂ ಹಾಕ್ದೆ ಕೆಲ್ಸ ಶುರು ಮಾಡೋಕೆ ನನಗೆ ಮನಸ್ಸು ಬರಲ್ಲ. ಇದನ್ನ ಯಾರ ಹತ್ರ ಹೇಳ್ಕೊಳ್ಲಿ?”

ಇನ್ಶಿರಾಹಳಿಗೆ ತನ್ನ ನಗುವಿನ ಮೇಲೇ ಅಸಹ್ಯವಾಯಿತು. ಹಗಲೂ ರಾತ್ರಿ ಈ ಮನುಷ್ಯ ಇದನ್ನು ಹೊತ್ತುಕೊಂಡು ತಿರುಗಿದ್ದಾನೆ, ತಾನು ಕೇಬಲ್ ಬದಲಿಸುತ್ತ ಕೂತಿದ್ದಳು. ಸ್ಟೂಲು ಎಳೆದುಕೊಂಡು ಹತ್ತಿರ ಕೂತಳು.

“ಹಾಜಿ, ಉಳಿ ತಗೊಂಡು ಬಾ ಅಂತ ಅಳಿಯನ್ನ ಕಳಿಸ್ತೀರಿ ಅನ್ಕೊಳ್ಳಿ. ಅವ್ನು ಮಸೀದಿಗೆ ಹೋಗಿ ಹುಡುಕ್ತಾನೆ. ಉಳಿ ಎಲ್ಲೂ ಇಲ್ಲ ಅಂತ ವಾಪಸ್ ಬರ್ತಾನೆ. ತಪ್ಪು ಮಸೀದಿದಾ?”

“ಅಳಿಯಂದು. ಯಾವಾಗ್ಲೂ ಅವಂದೇ.”

“ಇದೂ ಹಾಗೇ. ಪೆನ್‌ಡ್ರೈವ್ ಕಂಡ್ರೆ ಸಾಕು, ಮೊದಲು ಅದರಲ್ಲೇ ಫೈಲ್ ಹುಡುಕುತ್ತೆ. ಅದರಲ್ಲಿ ಪಠಣ ಇದೆ, ಫೈಲ್ ಎಲ್ಲಿಂದ ಬರ್ಬೇಕು? ತನ್ನ ಹೊಟ್ಟೇಲಿರೋದನ್ನ ನೋಡೋದೇ ಇಲ್ಲ, ಇಲ್ಲ ಅಂದ್ಬಿಡುತ್ತೆ. ಪೆನ್‌ಡ್ರೈವಲ್ಲಿ ಸಿನಿಮಾ ಹಾಡು ಇದ್ರೂ ಇಷ್ಟೇ ಆಗ್ತಿತ್ತು.”

“ಹಾಡು ಇದ್ರೂ?”

“ನನ್ನ ಹತ್ರ ಇದೆ. ಹಾಕಿ ತೋರಿಸ್ಲಾ?”

ಹಾಜಿಯ ಪೆನ್‌ಡ್ರೈವ್ ಕಿತ್ತು ಅವರ ಕೈಗೆ ಕೊಟ್ಟು, ತನ್ನ ಚೀಲದಿಂದ ಬೇರೊಂದನ್ನು ತೆಗೆದು ಸಿಕ್ಕಿಸಿ ಗುಂಡಿ ಒತ್ತಿದಳು. ಅದೇ ಕಪ್ಪು ಪರದೆ, ಅದೇ ಸಾಲು. ಹಾಜಿ ಅದನ್ನು ಎರಡು ಸಲ ಹಾಕಿಸಿ ನೋಡಿದರು. ಆಮೇಲೆ ಇನ್ಶಿರಾಹ್ ಸೆಟ್ಟಿಂಗಿಗೆ ಹೋಗಿ, ಮೊದಲು ಒಳಗಿನ ಡಿಸ್ಕಿನಲ್ಲಿ ಹುಡುಕು, ಉಳಿದದ್ದು ಆಮೇಲೆ ಎಂದು ಕ್ರಮ ಬದಲಿಸಿದಳು. ಎರಡು ನಿಮಿಷದ ಕೆಲಸ.

“ಈಗ ನೀವೇ ನಿಮ್ಮದನ್ನ ಹಾಕಿ.”

ಹಾಜಿಯ ಕೈ ಎಂದಿಗಿಂತ ಜೋರಾಗಿ ನಡುಗಿತು. ಪೆನ್‌ಡ್ರೈವ್ ಆ ಕಡೆ ಈ ಕಡೆ ಬಡಿಯಿತೇ ಹೊರತು ಒಳಗೆ ಹೋಗಲಿಲ್ಲ. ಇನ್ಶಿರಾಹ್ ಎರಡೂ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡು ಕಾದಳು. ನಾಲ್ಕನೆಯ ಸಲಕ್ಕೆ ಕೂತಿತು. ಅವರು ಬಿಸ್ಮಿಲ್ಲಾ ಎಂದು ಗುಂಡಿ ಒತ್ತಿದರು. ಪರದೆ ಬೆಳಗಿತು. ಸ್ವಲ್ಪ ಹೊತ್ತಿಗೆ ಪಠಣ ತಾನಾಗಿ ಶುರುವಾಯಿತು.

ಹಾಜಿ ಬದ್ರಾನ್ ಬೀದಿಯ ಕಡೆಗೇ ಮುಖ ಮಾಡಿ ನಿಂತು ಅತ್ತರು. ಎದುರಂಗಡಿಯವನು ನೋಡುತ್ತಿದ್ದರೂ ಕಣ್ಣೊರೆಸಿಕೊಳ್ಳಲಿಲ್ಲ.

“ಇನ್ನೂ ಜೋರು ಮಾಡಿ ಎಂಜಿನಿಯರಮ್ಮ,” ಎಂದರು. “ಅಳಿಯನ ಮನೆವರೆಗೂ ಕೇಳ್ಲಿ.”