ಪಟೇಲರು ತಿದ್ದಿದ ಫಾರಂ

ಇಂಜಿನಿಯರಿಂಗ್ ಓದುವ ಹುಡುಗರಲ್ಲಿ ಎಷ್ಟು ಮಂದಿಗೆ ಸ್ವಂತ ಉದ್ಯಮದ ಆಸೆ ಉಂಟೆಂದು ಸರಕಾರಕ್ಕೆ ತಿಳಿಯಬೇಕಿತ್ತು. ಬೇಸಿಗೆ ರಜೆಯಲ್ಲಿ ಅವರ ಮನೆಗಳಿಗೆ ಹೋಗಿ ಕೇಳುವ ಕೆಲಸ ನನ್ನ ಪಾಲಿಗೆ ಬಂತು. ಮೂಡಬಿದಿರೆಯಿಂದ ಬೆಳ್ತಂಗಡಿಯವರೆಗೆ ಎಲ್ಲರದೂ ಒಂದೇ ಉತ್ತರ: ಸರಕಾರಿ ನೌಕರಿ.

ಪುಂಜಾಲಕಟ್ಟೆಯ ಪಟೇಲರ ಮನೆಯಲ್ಲಿ ಮಗನಿಗೆ ಬರೆಯುವ ಕಷ್ಟವೂ ಇರಲಿಲ್ಲ. ತಂದೆಯೇ ‘ಸರಕಾರಿ ನೌಕರಿ’ ಎಂದು ಫಾರಂ ತುಂಬಿಸಿದರು. ಆಮೇಲೆ ನನ್ನನ್ನು ಬಸ್ಸು ಹತ್ತಿಸಲು ಪೇಟೆಗೆ ಬಂದರು. ಮಗನೂ ಹಿಂದೆಯೇ ಬಂದ. ಪಟೇಲರು ಅಂಗಡಿಯಲ್ಲಿ ಗೋಲಿ ಸೋಡಾ ಹೇಳಿದಾಗ ಅವನ ಮುಖ ಬಿಳಿಚಿತು.

“ಎಂಥ ಸೋಡಾ ಮಾರಾಯ! ಮಂಗಳೂರಿಂದ ತರಿಸ್ತೀಯಾ?” ಎಂದರು ಪಟೇಲರು, ಒಂದೇ ಗುಟುಕಿಗೆ ಕುಡಿದು ಮುಗಿಸಿ.

“ಇಲ್ಲ ಪಟೇಲ್ರೇ, ನಿಮ್ಮ ದನದ ಹಟ್ಟಿಯ ಹಿಂದಿನಿಂದಲೇ ಬರ್ತದೆ. ಮಿಷನ್ನು ನಿಮ್ಮ ಮಗ ಮಾಡಿದ್ದು,” ಎಂದ ಅಂಗಡಿಯವ.

ಪಟೇಲರು ಹಟ್ಟಿಯ ಕಡೆ ಕಾಲಿಟ್ಟವರಲ್ಲ. ಮಗನತ್ತ ತಿರುಗಿದರು.

“ಪಟೇಲನ ಮಗ ಸೋಡಾ ಮಾರುವುದಾ? ಇವತ್ತೇ ಆ ಮಿಷನ್ನು...”

ಅಷ್ಟರಲ್ಲಿ ಅವರಿಗೆ ಒಂದು ದೀರ್ಘ ತೇಗು ಬಂತು. ಮೂರು ದಿನದ ಹೊಟ್ಟೆಯುಬ್ಬರ ಇಳಿಯಿತಂತೆ. ಪಟೇಲರು ಎದೆ ನೀವಿಕೊಂಡು, “ಇನ್ನೊಂದು ಒಡಿ,” ಎಂದರು.

“ಮಿಷನ್ನು ಇರಲಾ ಅಪ್ಪ?” ಮಗ ಮೆಲ್ಲಗೆ ಕೇಳಿದ.

“ಆ ಫಾರಂ ಕೊಡಿ ಮಾರಾಯ್ರೆ,” ಎಂದು ನನ್ನಿಂದ ಇಸಕೊಂಡ ಪಟೇಲರು ಸರಕಾರಿ ನೌಕರಿಯನ್ನು ಹೊಡೆದುಹಾಕಿ ‘ಸೋಡಾ’ ಎಂದು ದಪ್ಪಕ್ಷರದಲ್ಲಿ ಬರೆದರು. ಮಗ ಅಂಗಡಿಯವನನ್ನು ತಬ್ಬಿಕೊಂಡ.

ತಿದ್ದಿದ ಫಾರಂ ಲೆಕ್ಕಕ್ಕಿಲ್ಲ ಎಂಬುದು ನಮ್ಮ ಕಚೇರಿಯ ನಿಯಮ. ಆದ್ದರಿಂದ ಈ ಭಾಗದ ವಿದ್ಯಾರ್ಥಿಗಳಲ್ಲಿ ಸ್ವಂತ ಉದ್ಯಮದ ಆಸೆ ಒಬ್ಬನಿಗೂ ಇಲ್ಲವೆಂದು ವರದಿ ಬರೆದೆ. ಬರೆದದ್ದು ಬಂಟ್ವಾಳದ ಪ್ರವಾಸಿ ಬಂಗಲೆಯಲ್ಲಿ, ಪಟೇಲರ ಮಗ ದಾರಿಗೆಂದು ಕೊಟ್ಟ ಸೋಡಾ ಕುಡಿಯುತ್ತಾ.