ಥ್ಯಾಂಕ್ಸಕ್ಕ
ಅಂಗವಿಕಲರಿಗೆ ನೆರವಾಗುವ ಆ ಸಂಸ್ಥೆಯಲ್ಲಿ ಸ್ವಯಂಸೇವಕರಿಗೆ ಕೆಲಸ ಹಂಚುವವಳನ್ನು ಎಲ್ಲರೂ ಕರೆಯುವುದೇ ಥ್ಯಾಂಕ್ಸಕ್ಕ ಎಂದು. ಗಾಲಿಕುರ್ಚಿಯ ಕಡ್ಡಿಗಳ ನೆರಳು ಗೋಡೆಯ ಮೇಲೆ ಮೆಲ್ಲಗೆ ತಿರುಗುವ ಬೆಳಗಿನ ಹೊತ್ತು, ಅವಳು ಕನಸಿನಲ್ಲಿ ನಡೆದಂತೆ ಕೋಣೆಯಿಂದ ಕೋಣೆಗೆ ತೇಲುತ್ತಾಳೆ. ಕಿಟಕಿ ತೆರೆದವರಿಗೆ ಥ್ಯಾಂಕ್ಸ್, ಮುಚ್ಚಿದವರಿಗೂ ಥ್ಯಾಂಕ್ಸ್. ಗಾಳಿಗೆ ಬಾಗಿಲು ತಾನೇ ತೆರೆದುಕೊಂಡರೆ ಅದಕ್ಕೂ ಒಂದು. “ಎಡವಿದ ಕಲ್ಲಿಗೂ ಥ್ಯಾಂಕ್ಸ್ ಹೇಳೋಳು ಇವಳು” ಎಂದು ಅಡುಗೆಯವಳು ನಗುತ್ತಾಳೆ. ಬಂದವರನ್ನು ಕೆಲಸವಿಲ್ಲವೆಂದು ವಾಪಸು ಕಳಿಸುವುದು ಮಾತ್ರ ಅಕ್ಕನ ಜಾಯಮಾನದಲ್ಲೇ ಇಲ್ಲ. ಮೊನ್ನೆ, ಹೆಂಡತಿಯನ್ನು ಕಳೆದುಕೊಂಡ ನಿವೃತ್ತ ಮೇಷ್ಟ್ರು ಬಾಗಿಲಲ್ಲಿ ನಿಂತು, “ನನ್ನಿಂದ ಏನಾದ್ರೂ ಆಗುತ್ತೇನಮ್ಮ?” ಎಂದರು. ಕೆಲಸವೆಲ್ಲ ಆಗಲೇ ಹಂಚಿಹೋಗಿತ್ತು. ಅಕ್ಕ ಗಾಲಿಕುರ್ಚಿಯಲ್ಲಿದ್ದ ಟೈಲರಣ್ಣನ ಕಡೆ ನೋಡಿದಳು. ಲಕ್ವ ಹೊಡೆದ ಮೇಲೆ ವರ್ಷವಿಡೀ ಹೆಣಗಿ, ಒಂದೇ ಕೈಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳಲು ಕಲಿತವನು ಅವನು. ಮೇಷ್ಟ್ರು ಚಪ್ಪಲಿ ಬಿಡುವಷ್ಟರಲ್ಲಿ ಟೈಲರಣ್ಣ ತಾನು ಹಾಕಿದ್ದ ಗುಂಡಿಗಳನ್ನೆಲ್ಲ ಬಿಚ್ಚಿಕೊಂಡು, “ಮೇಷ್ಟ್ರೇ, ಇದನ್ನ ಸ್ವಲ್ಪ ಹಾಕ್ಕೊಡ್ತೀರಾ?” ಎಂದ. ಮೇಷ್ಟ್ರು ಬಗ್ಗಿ ಒಂದೊಂದೇ ಗುಂಡಿ ಹಾಕಿ, ಕೊನೆಗೆ ಕಾಲರನ್ನೂ ನೇರ ಮಾಡಿದರು. ಮೇಷ್ಟ್ರು ಹೋದ ಮೇಲೆ ಅಕ್ಕ ಟೈಲರಣ್ಣನ ಪಕ್ಕ ಕೂತಳು. ಅದೇಕೋ ಅವಳ ಬಾಯಿಂದ ಥ್ಯಾಂಕ್ಸ್ ಹೊರಡಲಿಲ್ಲ. “ನಾಳೆನೂ ಬರ್ತಾರಂತೆ” ಎಂದಳಷ್ಟೇ. “ಬರ್ಲಿ ಬಿಡಕ್ಕ,” ಎಂದ ಟೈಲರಣ್ಣ, “ನಾಳೆ ತುಂಬುತೋಳಿನ ಅಂಗಿ ಹಾಕ್ಕೋತೀನಿ. ಅದರಲ್ಲಿ ಗುಂಡಿ ಜಾಸ್ತಿ.”