ಕಾಕಾನ ಮಗಳೆಂದು ಹೇಳಿದ ಸುಳ್ಳು

ಇಂದು ಮುಂಜಾನೆ ಗೋಕಾಕದಿಂದ ಮೂಡಲಗಿಗೆ ಹೊರಟ ಬಸ್ಸಿನ ಕಿಟಕಿಯಿಂದ ರವದಿ ಸುಟ್ಟ ವಾಸನೆ ಒಳಗೆ ಬಂತು. ರವದಿ ಎಂದರೆ ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಗರಿ. ನಿಮಗದು ಬರೀ ಹೊಗೆ ಇರಬಹುದು. ನನ್ನ ಪ್ರೀತಿ ಶುರುವಾದದ್ದೇ ಅದರಲ್ಲಿ. ಏನು ಮಾಡಲಿ, ಮಣ್ಣಿನ ವಿಜ್ಞಾನಿಯ ಹಣೆಬರಹ!

ಎಂಟು ವರ್ಷದ ಹಿಂದೆ ಹುಕ್ಕೇರಿ ಕಡೆಯ ಹೊಲದಲ್ಲಿ ಶೈಲಾಳನ್ನು ಮೊದಲು ಕಂಡೆ. ಅವಳು ನೀರು ಪರೀಕ್ಷಿಸುವವಳು, ನಾನು ಮಣ್ಣು. ರವದಿ ಸುಟ್ಟ ಹೊಲದ್ದೊಂದು, ಸುಡದ ಹೊಲದ್ದೊಂದು, ಹೀಗೆ ಎರಡು ಗುಡ್ಡೆ ಮಣ್ಣು ತೆಗೆದು ಹೋಲಿಸಬೇಕಿತ್ತು. ಬಾವಿಗೆ ಬಗ್ಗಿ ಬಾಟಲಿ ತುಂಬುತ್ತಿದ್ದ ಅವಳನ್ನೇ ನೋಡುತ್ತ ನಾನು ಎರಡನ್ನೂ ಒಂದೇ ತಾಡಪತ್ರಿಯ ಮೇಲೆ ಸುರಿದು ಚೆನ್ನಾಗಿ ಕಲಸಿಬಿಟ್ಟೆ.

"ಏನ್ ಮಾಡಿದ್ರಿ ಮೇಡಂ? ಈಗ ಯಾವ ಹೊಲದ್ದು ಯಾವುದು ಅಂತ ಹೆಂಗ ತಿಳಿಬೇಕು?" ಎಂದು ಬಿದ್ದು ಬಿದ್ದು ನಕ್ಕಳು. ಆಮೇಲೆ ಮಧ್ಯಾಹ್ನವೆಲ್ಲ ನನ್ನ ಜೊತೆ ಮತ್ತೆ ಅಗೆದಳು. ವರ್ಷ ತುಂಬುವುದರೊಳಗೆ ಗೋಕಾಕದಲ್ಲಿ ಒಂದೇ ಮನೆ ಹಿಡಿದೆವು.

ಅವಳು ಧೈರ್ಯದವಳು. ನಿಡಸೋಸಿಯ ತವರಿನಲ್ಲಿ ನಮ್ಮಿಬ್ಬರ ಪ್ರೀತಿಯ ಖರೆ ಹೇಳಿಯೇ ಬಂದಳು. ಅವಳ ಅವ್ವ ಆರು ತಿಂಗಳು ಮಾತು ಬಿಟ್ಟರು. ನಾನೋ, ಊರೂರು ತಿರುಗಿ ರವದಿ ಸುಡಬೇಡಿ ಎಂದು ಬುದ್ಧಿ ಹೇಳುವ ಹುಲಿ. ಯಾರಾದರೂ "ಇವ್ರು ನಿಮಗೇನಾಗಬೇಕ್ರಿ?" ಎಂದರೆ ಮಾತ್ರ ಬೆಕ್ಕಾಗಿಬಿಡುತ್ತಿದ್ದೆ. "ಕಾಕಾನ ಮಗಳ್ರಿ" ಎನ್ನುತ್ತಿದ್ದೆ. ಖರೆ ಹೇಳಿದರೆ ರೈತರು ಹೊಲದೊಳಗೆ ಬಿಡುವುದಿಲ್ಲ, ಕೆಲಸ ಕೆಡುತ್ತದೆ ಎಂಬ ನೆಪ ಬೇರೆ. ಕಳೆದ ವಾರ ಶೈಲಾ ಊಟದ ತಟ್ಟೆ ಸರಿಸಿ ಕೂತಳು.

"ಮಂದಿಗೆಲ್ಲಾ ಖರೆ ಹೇಳಾಕ ನಿನಗ ಬಾಯಿ ಐತಿ. ನನ್ನ ವಿಷಯ ಬಂದ್ರ ಯಾಕ ಇಲ್ಲ? ಇನ್ನೊಂದ್ಸಲ ಕಾಕಾನ ಮಗಳು ಅಂದಿ ಅಂದ್ರ, ನಾ ನಿನ್ನ ಜೋಡಿ ಇರಾಂಗಿಲ್ಲ ನೋಡು."

ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಇಂದು ಮೂಡಲಗಿಯ ಹೊಲದಲ್ಲಿ, ಹತ್ತಿಪ್ಪತ್ತು ರೈತರ ಎದುರು, ಹೊಲದ ಒಡತಿ ಗಂಗವ್ವ ಶೈಲಾಳನ್ನು ತೋರಿಸಿ ಕೇಳಿಯೇಬಿಟ್ಟಳು: "ಯಾವಾಗಲೂ ಜೋಡೀಲೆ ಬರ್ತೀರಿ. ಇವ್ರು ನಿಮಗೇನಾಗಬೇಕ್ರಿ?"

ಶೈಲಾ ನೆಲ ನೋಡಿದಳು.

"ಈಕಿ ನನ್ನಾಕಿ, ಗಂಗವ್ವ. ಮದಿವಿ ಆದವರಂಗ ಸಂಸಾರ ಮಾಡಾಕತ್ತೇವಿ. ಏಳ ವರ್ಷಾತು."

ರೈತರಲ್ಲಿ ಇಬ್ಬರು ಎದ್ದು ಹೋದರು. ಹೋಗಲಿ, ಆಡಿದ ಮಾತು ನಾನು ಹಿಂದಕ್ಕೆ ತೆಗೆದುಕೊಳ್ಳುವವಳಲ್ಲ. ಗಂಗವ್ವ ನನ್ನನ್ನು ನೋಡಿದಳು, ಅವಳನ್ನು ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, "ಅದಿರ್ಲಿ, ರವದಿ ಸುಡದಿದ್ರ ಹೆಗ್ಗಣ ಆಗ್ತಾವಲ್ರಿ, ಅದಕ್ಕೇನು ಮಾಡೂಣು?" ಎಂದಳು.

ಶೈಲಾ ಮೂಗು ಒರೆಸಿಕೊಂಡು ನನ್ನ ಪಕ್ಕಕ್ಕೆ ಬಂದು ನಿಂತಳು. ನಾನು ಹೆಗ್ಗಣದ ಮಾತು ಶುರು ಮಾಡಿದೆ.